ನೆರೆ ಬಂದಾಗ ಒಲೆ ಹಚ್ಚುವವರು ಯಾರು?

ಶಿವಮೊಗ್ಗದವರು ನೆರೆಯ ಲೆಕ್ಕವನ್ನು ಕೋರ್ಪಲಯ್ಯನ ಛತ್ರದ ಬಳಿ ತುಂಗೆಯ ನಡುವೆ ನಿಂತಿರುವ ಕಲ್ಲಿನ ಮಂಟಪ ನೋಡಿ ಹೇಳುತ್ತಾರೆ. ಮಂಟಪ ಅರ್ಧ ಮುಳುಗಿದರೆ ಸೇತುವೆ ಮೇಲೆ ಫೋಟೊ ತೆಗೆಯುವವರ ಸಂತೆ. ಪೂರ್ತಿ ಮುಳುಗಿತೋ, ತಗ್ಗಿನ ಬಡಾವಣೆಗಳಲ್ಲಿ ಪಾತ್ರೆ ಪಗಡೆ ಅಟ್ಟ ಹತ್ತುತ್ತವೆ. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು, ಮೂರು ಟಿಎಂಸಿ ಚಿಲ್ಲರೆ ಹಿಡಿಯುತ್ತದೆ ಅಷ್ಟೆ. ಮಳೆ ಹಿಡಿದ ಕೆಲವೇ ದಿನಕ್ಕೆ ಅದು ತುಂಬಿ, ಮೇಲಿಂದ ಬಂದಷ್ಟನ್ನೂ ಕೆಳಗೆ ಬಿಡಬೇಕಾಗುತ್ತದೆ. 2019ರ ಆಗಸ್ಟಿನಲ್ಲಿ ಆ ನೀರು ನೇರ ಊರೊಳಗೆ ಬಂತು.

ಆ ವಾರ ನಾನು ತೀರ್ಥಹಳ್ಳಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿದ್ದೆ. ಮನೆ ಬಿಟ್ಟು ಬಂದ ಇಪ್ಪತ್ತು ಚಿಲ್ಲರೆ ಕುಟುಂಬಗಳು ಅಲ್ಲಿದ್ದವು. ಮಧ್ಯಾಹ್ನ ಒಂದೂವರೆಗೆ ಪೇಟೆಯಿಂದ ಜೀಪಿನಲ್ಲಿ ಚಿತ್ರಾನ್ನದ ಪೊಟ್ಟಣಗಳು ಬಂದವು. ಕಟ್ಟಿದ್ದು ಬೆಳಿಗ್ಗೆ ಆರಕ್ಕಂತೆ. ದಾರಿಗೆ ಮರ ಬಿದ್ದು ಸುತ್ತು ಹಾಕಿ ಬರುವಷ್ಟರಲ್ಲಿ ಈ ಹೊತ್ತು. ಬಿಸಿ ಅನ್ನವನ್ನು ಹಾಗೇ ಪ್ಲಾಸ್ಟಿಕ್ ಕವರಿಗೆ ತುಂಬಿ ಗಂಟು ಹಾಕಿದ್ದರಿಂದ ಒಳಗೆಲ್ಲ ಬೆವರು, ಗಂಟು ಬಿಚ್ಚುವಾಗಲೇ ಹುಳಿ ವಾಸನೆ. ತಂದ ಹುಡುಗರ ಮುಖ ನೋಡಿದರೆ ಪಾಪ ಅನ್ನಿಸುತ್ತಿತ್ತು. ಗೋಡೆಗೆ ಒರಗಿ ಕೂತಿದ್ದ ಅಜ್ಜಿಯೊಬ್ಬರು ಪೊಟ್ಟಣವನ್ನು ಪಕ್ಕಕ್ಕಿಟ್ಟು, “ಎಂತದೂ ಬ್ಯಾಡ ಮಾರಾಯ್ತಿ, ಒಂದ್ ಲೋಟ ಗಂಜಿ ತಿಳಿ, ಎರಡ್ ಕಲ್ ಉಪ್ಪು ಇದ್ರೆ ಕೊಡು” ಎಂದರು.

ಅಜ್ಜಿ ಕೂತಲ್ಲಿಂದ ಹದಿನೈದು ಹೆಜ್ಜೆಗೆ ಶಾಲೆಯ ಬಿಸಿಯೂಟದ ಕೋಣೆ. ಒಳಗೆ ಅಕ್ಕಿ ಮೂಟೆ, ತೊಗರಿಬೇಳೆ, ಗ್ಯಾಸ್ ಸಿಲಿಂಡರು, ನೂರು ಮಕ್ಕಳಿಗೆ ಬೇಯಿಸುವ ಪಾತ್ರೆ ಎಲ್ಲ ಇತ್ತು. ಬಾಗಿಲಿಗೆ ಬೀಗ. ಬೀಗದ ಕೈ ಇದ್ದ ಅಡುಗೆ ಅಕ್ಕ ಅದೇ ಜಗಲಿಯಲ್ಲಿ ಮಗಳನ್ನು ತೊಡೆಮೇಲೆ ಮಲಗಿಸಿಕೊಂಡು ಕೂತಿದ್ದರು. ಅವರ ಮನೆಗೂ ನೀರು ನುಗ್ಗಿತ್ತು. ಮಳೆ ರಜೆ ಕೊಟ್ಟ ಮೇಲೆ ಮಕ್ಕಳ ಅಕ್ಕಿ ಮುಟ್ಟಲು ಮೇಲಿನವರ ಒಪ್ಪಿಗೆ ಬೇಕು, ಮೇಲಿನವರ ಫೋನಿಗೆ ನೆಟ್‌ವರ್ಕ್ ಇಲ್ಲ. ಕೊನೆಗೆ ಒಬ್ಬ ಮೇಷ್ಟ್ರು “ತೆಗೀರಿ, ಆಮೇಲಿಂದ ನಾನು ನೋಡ್ಕಳ್ತೀನಿ” ಎಂದರು. ಮುಕ್ಕಾಲು ಗಂಟೆಯಲ್ಲಿ ಗಂಜಿ ಆಯಿತು.

ವಿಪತ್ತಿನ ಹೊತ್ತಲ್ಲಿ ಅಡುಗೆಯವರು ಊರನ್ನು ಹೇಗೆ ಎತ್ತಿ ನಿಲ್ಲಿಸಬಲ್ಲರು ಎಂಬ ಚರ್ಚೆ ಈಗ ಲೋಕವೆಲ್ಲ ನಡೆದಿದೆ. ಅದನ್ನು ಓದುವಾಗೆಲ್ಲ ನನಗೆ ನೆನಪಾಗುವುದು ಆ ಬೀಗ.

ಈ ಚರ್ಚೆಯಲ್ಲಿ ಮೊದಲು ಬರುವ ಹೆಸರು ಹೊಸೆ ಆಂದ್ರೇಸ್. ಸ್ಪೇನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ರೆಸ್ಟೊರೆಂಟುಗಳನ್ನು ಕಟ್ಟಿದ ಬಾಣಸಿಗ. 2010ರ ಜನವರಿಯಲ್ಲಿ ಹೈಟಿ ದೇಶದಲ್ಲಿ ಭೂಕಂಪವಾದಾಗ ಅಲ್ಲಿಗೆ ಹೋಗಿ ಶಿಬಿರದಲ್ಲಿ ಅಡುಗೆಗೆ ನಿಂತರು. ಅವರೇ ಹೇಳಿಕೊಳ್ಳುವ ಒಂದು ಪ್ರಸಂಗವಿದೆ. ತಮಗೆ ಗೊತ್ತಿದ್ದ ರೀತಿಯಲ್ಲಿ ಕಾಳು ಬೇಯಿಸಿಟ್ಟರಂತೆ. ಶಿಬಿರದ ಹೆಂಗಸರು ನೋಡಿ, ನಾವು ಹೀಗೆ ತಿನ್ನುವುದಿಲ್ಲ, ಕಾಳನ್ನು ನುಣ್ಣಗೆ ಮಸೆದು ಗೊಜ್ಜಿನ ಹದಕ್ಕೆ ತರಬೇಕು ಎಂದು ಕಲಿಸಿಕೊಟ್ಟರಂತೆ. ದೊಡ್ಡ ಹೆಸರಿನ ಬಾಣಸಿಗ ಸೌಟು ಕೆಳಗಿಟ್ಟು ಕೇಳಿದ್ದು ದೊಡ್ಡದು. ಅದೇ ವರ್ಷ ಅವರು ಕಟ್ಟಿದ ಸಂಸ್ಥೆ ವರ್ಲ್ಡ್ ಸೆಂಟ್ರಲ್ ಕಿಚನ್.

ಸಂಸ್ಥೆಗೆ ಹೆಸರು ತಂದಿದ್ದು 2017ರ ಸೆಪ್ಟೆಂಬರಿನಲ್ಲಿ ಪೋರ್ಟೊ ರಿಕೊ ದ್ವೀಪಕ್ಕೆ ಬಡಿದ ಮರಿಯಾ ಚಂಡಮಾರುತ. ಕರೆಂಟಿಲ್ಲ, ರಸ್ತೆಯಿಲ್ಲ. ಅಲ್ಲಿನ ಒಬ್ಬ ಬಾಣಸಿಗನ ಹೋಟೆಲಿನ ಅಡುಗೆಮನೆಯಲ್ಲಿ ಶುರುವಾದ ಕೆಲಸ ಕ್ರೀಡಾಂಗಣದ ಅಡುಗೆಮನೆಗೆ, ಶಾಲೆಗಳಿಗೆ, ರಸ್ತೆ ಬದಿಯ ಊಟದ ಗಾಡಿಗಳಿಗೆ ಹಬ್ಬಿತು. ಕೆಲವು ತಿಂಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಊಟ ಬಡಿಸಿದರು. ಅದೇ ದ್ವೀಪದಲ್ಲಿ ಅಮೆರಿಕ ಸರ್ಕಾರದ ವಿಪತ್ತು ಸಂಸ್ಥೆ ಫೀಮಾ 3 ಕೋಟಿ ಊಟಕ್ಕೆ ಒಂದು ಗುತ್ತಿಗೆ ಕೊಟ್ಟಿತ್ತು, ಮೊತ್ತ 15.6 ಕೋಟಿ ಡಾಲರ್. ಗುತ್ತಿಗೆ ಹಿಡಿದವರಿಗೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಊಟ ಒದಗಿಸಿದ ಅನುಭವವಿರಲಿಲ್ಲ. ತಲುಪಿದ್ದು 50 ಸಾವಿರ ಊಟ. ಅದರಲ್ಲೂ ಊಟ ತಾನೇ ಬಿಸಿಯಾಗಬೇಕು ಎಂಬ ಷರತ್ತಿದ್ದರೆ, ಊಟದ ಪೊಟ್ಟಣ ಬೇರೆ, ಬಿಸಿ ಮಾಡುವ ಚೀಲ ಬೇರೆ ಬಂದಿತ್ತು. ಗುತ್ತಿಗೆ ರದ್ದಾಯಿತು. ಇಲ್ಲಿನ ಶಾಮಿಯಾನದವರಿಗೆ ಈ ಕಥೆ ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕರು: “ಒಲೆ ಒಂದ್ ಲಾರೀಲಿ, ಅನ್ನ ಒಂದ್ ಲಾರೀಲಿ ಅಲ್ದಾ!”

ಇದರಿಂದ ಹೋಟೆಲಿನವರು ಒಳ್ಳೆಯವರು, ಸರ್ಕಾರ ಕೆಟ್ಟದ್ದು ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. 2019ರ ಮೇ 3ರಂದು ಒಡಿಶಾಕ್ಕೆ ಫೋನಿ ಚಂಡಮಾರುತ ಬಂದಾಗ ಅಲ್ಲಿನ ಸರ್ಕಾರ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಒಂದು ದಿನದಲ್ಲಿ ಸಾಗಿಸಿತು. ಸುಮಾರು 9 ಸಾವಿರ ಆಸರೆ ತಾಣಗಳಿಗೆ ಸುಮಾರು 7 ಸಾವಿರ ಅಡುಗೆಮನೆಗಳು ರಾತ್ರೋರಾತ್ರಿ ಶುರುವಾದವು. ಅಲ್ಲಿ ಹೆಸರಾಂತ ಶೆಫ್ ಯಾರೂ ಇರಲಿಲ್ಲ. 1999ರ ಚಂಡಮಾರುತದಲ್ಲಿ ಸಾವಿರಾರು ಜನರನ್ನು ಕಳೆದುಕೊಂಡ ರಾಜ್ಯ ಇಪ್ಪತ್ತು ವರ್ಷ ಕೂತು ಮಾಡಿಕೊಂಡ ಸಿದ್ಧತೆ ಅದು. 7 ಸಾವಿರ, 9 ಸಾವಿರ ಎಂಬ ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ: ಹೆಚ್ಚುಕಮ್ಮಿ ಪ್ರತಿ ಆಸರೆಗೂ ಅದರದೇ ಒಲೆ. ಪೋರ್ಟೊ ರಿಕೊದಲ್ಲಿ ಬಾಣಸಿಗರು ಕಂಡುಕೊಂಡಿದ್ದೂ ಇದನ್ನೇ. ಜನ ಎಲ್ಲಿದ್ದಾರೋ ಅಲ್ಲೇ ಬೇಯಿಸಬೇಕು, ಅಲ್ಲಿನವರ ಕೈಯಲ್ಲೇ ಬೇಯಿಸಬೇಕು.

ಮಲೆನಾಡಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ, ಕಾರಣ ನಮ್ಮ ಭೂಗೋಳ. ಬಯಲುಸೀಮೆಯ ಊರಿನ ಹಾಗೆ ಇಲ್ಲಿ ಮನೆಗಳು ಒತ್ತಾಗಿಲ್ಲ. ಗುಡ್ಡದ ಬುಡಕ್ಕೊಂದು, ತೋಟದಾಚೆ ಒಂದು, ಹಳ್ಳ ದಾಟಿ ಎರಡು. ಒಂದು ಕಾಲುಸಂಕ ಕೊಚ್ಚಿಹೋದರೆ ಐದು ಮನೆ ದ್ವೀಪ. ಮೋರಿ ಕುಸಿದರೆ ಒಂದು ಗ್ರಾಮವೇ ಆಚೆ ಉಳಿಯಿತು. ಕಳಸದ ಹತ್ತಿರ ಭದ್ರೆಗೆ ಕಟ್ಟಿದ ಹೆಬ್ಬಾಳೆ ಸೇತುವೆ ಮುಳುಗಿದ ಸುದ್ದಿ ಹೆಚ್ಚುಕಮ್ಮಿ ಪ್ರತಿ ಮಳೆಗಾಲ ಬರುತ್ತದೆ. ಮುಳುಗಿದರೆ ಹೊರನಾಡಿನ ದಾರಿ ಬಂದ್. ಬಂದವರಿಗೆಲ್ಲ ಅನ್ನ ಹಾಕುವ ಅನ್ನಪೂರ್ಣೇಶ್ವರಿಯ ಊರೇ ಹಾಗೆ ಕಡಿದುಹೋಗುತ್ತದೆ. ಇಂಥ ಕಡೆ ತಾಲೂಕು ಕೇಂದ್ರದಲ್ಲಿ ಹತ್ತು ಸಾವಿರ ಜನಕ್ಕೆ ಬೇಯಿಸುವ ದೊಡ್ಡ ಅಡುಗೆಮನೆ ಕಟ್ಟಿ ಏನು ಮಾಡುವುದು? ಅನ್ನ ಬೆಂದೀತು, ತಲುಪುವುದಿಲ್ಲ. ತಲುಪಿದರೂ ಆ ಜೀಪಿನ ಚಿತ್ರಾನ್ನದ ಗತಿ.

ಬೆಂದ ಅನ್ನದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಒಳ್ಳೆಯ ಮನಸ್ಸಿನವರು ಎಡವುವುದು ಇಲ್ಲೇ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಇರುತ್ತದೆ. ಕುದಿದರೂ ಅದು ಸಾಯುವುದಿಲ್ಲ. ಅನ್ನ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿಯಲ್ಲಿ ಗಂಟೆಗಟ್ಟಲೆ ಕೂತರೆ ಅದು ಮೊಳೆತು, ಬೆಳೆದು, ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬಿಸಿ ಅನ್ನವನ್ನು ಕವರಿನಲ್ಲಿ ಕಟ್ಟಿ ಒಂದರ ಮೇಲೊಂದು ಪೇರಿಸಿದಾಗ ಆಗುವುದು ಇದೇ. ಕಾಯಿಚಟ್ನಿಯಂತೂ ಅದಕ್ಕಿಂತ ಮೊದಲೇ ಹಳಸುತ್ತದೆ. ಕಕ್ಕಸಿಗೆ ಸಾಲು ನಿಲ್ಲಬೇಕಾದ ನೆರೆ ಶಿಬಿರದಲ್ಲಿ ಐವತ್ತು ಜನಕ್ಕೆ ವಾಂತಿ ಭೇದಿ ಶುರುವಾದರೆ ನೆರೆಗಿಂತ ಅದೇ ದೊಡ್ಡ ವಿಪತ್ತು.

ಹಾಗಾಗಿ ಅಧಿಕಾರಿಗಳಿಗೆ ಹೊರಗಿನ ಊಟದ ಬಗ್ಗೆ ಭಯವಿರುವುದು ಸುಮ್ಮನೆ ಅಲ್ಲ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್ಮಲ ಕೊಚ್ಚಿಹೋದ ಮೇಲೆ ಮೇಪ್ಪಾಡಿಯಲ್ಲಿ ಸ್ವಯಂಸೇವಕರು ನಡೆಸುತ್ತಿದ್ದ ಒಂದು ಅಡುಗೆಮನೆಯನ್ನು ನಿಲ್ಲಿಸಲು ಹೇಳಿದ್ದು ದೊಡ್ಡ ವಿವಾದವಾಯಿತು. ಊಟದ ಸುರಕ್ಷತೆ ನೋಡಬೇಕು ಎಂಬುದು ಒಂದು ವಾದ, ಹಗಲು ರಾತ್ರಿ ಬೇಯಿಸಿದವರನ್ನು ಅವಮಾನಿಸಿದಿರಿ ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಆದರೆ ಈ ಜಗಳ ಹುಟ್ಟಿದ್ದೇ, ಯಾರು ಬೇಯಿಸಬೇಕು, ಯಾರು ರುಚಿ ನೋಡಿ ಸಹಿ ಹಾಕಬೇಕು ಎಂಬುದು ಗುಡ್ಡ ಕುಸಿಯುವ ಮೊದಲು ತೀರ್ಮಾನವಾಗಿರದ ಕಾರಣ ಎನ್ನುವುದು ನನ್ನ ಅಭಿಪ್ರಾಯ.

ಕಾನೂನು ಏನು ಹೇಳುತ್ತದೆ? 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಕಲಮಿನಡಿ ಪರಿಹಾರದ ಕನಿಷ್ಠ ಮಟ್ಟ ಗೊತ್ತು ಮಾಡಬೇಕು. ಅದರಂತೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ, ಶಿಬಿರದಲ್ಲಿರುವ ದೊಡ್ಡವರಿಗೆ ದಿನಕ್ಕೆ 2,400 ಕಿಲೊ ಕ್ಯಾಲೊರಿ, ಮಕ್ಕಳಿಗೆ 1,700, ತಲಾ 3 ಲೀಟರ್ ಕುಡಿಯುವ ನೀರು ಎಂದಿದೆ. ಈ 2,400 ಅಂದರೆ ಎಷ್ಟು ಎಂದು ಒಮ್ಮೆ ಕಾಗದದ ಮೇಲೆ ಕೂಡಿಸಿದೆ. 400 ಗ್ರಾಂ ಅಕ್ಕಿಗೆ ಸುಮಾರು 1,400. 75 ಗ್ರಾಂ ಬೇಳೆಗೆ 250 ಚಿಲ್ಲರೆ. 30 ಗ್ರಾಂ ಎಣ್ಣೆಗೆ 270. ಅಲ್ಲಿಗೆ 1,900 ದಾಟಿತು, ಉಳಿದದ್ದನ್ನು ಕಾಯಿ, ಬೆಲ್ಲ, ಹಾಲು, ತರಕಾರಿ ತುಂಬಬೇಕು. ನಾವು ಕಟ್ಟಿ ಕಳಿಸುವ ಚಿತ್ರಾನ್ನದ ಪೊಟ್ಟಣದಲ್ಲಿ ಹೆಚ್ಚೆಂದರೆ 600. ದಿನಕ್ಕೆ ಎರಡು ಪೊಟ್ಟಣ ಕೊಟ್ಟರೂ ಅರ್ಧ ಹೊಟ್ಟೆ. ಒಂದೆರಡು ದಿನ ನಡೆದೀತು. ಹತ್ತು ದಿನ ಬ್ರೆಡ್ಡು, ಬಿಸ್ಕತ್ತು, ಚಿತ್ರಾನ್ನದಲ್ಲಿ ಬಾಣಂತಿಯನ್ನೂ ಸಕ್ಕರೆ ಕಾಯಿಲೆಯವರನ್ನೂ ಇಡಲಾಗದು.

ನೆರೆಯವರು ಉಳಿಯುವ ಜಾಗಕ್ಕೆ ಮೊದಲು ಗಂಜಿ ಕೇಂದ್ರ ಎನ್ನುತ್ತಿದ್ದರು. ಈಚಿನ ವರ್ಷಗಳಲ್ಲಿ ಸರ್ಕಾರಿ ಕಾಗದದಲ್ಲಿ ಅದು ಕಾಳಜಿ ಕೇಂದ್ರವಾಗಿದೆ. ಗಂಜಿ ಎಂದರೆ ಬಡತನ ಎಂಬ ಮುಜುಗರ ಇದ್ದಿರಬೇಕು. ಹೆಸರು ಬದಲಾಗಲಿ, ತಕರಾರಿಲ್ಲ, ಗಂಜಿ ಬದಲಾಗದಿದ್ದರೆ ಸಾಕು! ಉಪ್ಪು ಹಾಕಿದ ಅಕ್ಕಿ ಗಂಜಿ ನೀರು ಕಳೆದುಕೊಂಡ ದೇಹಕ್ಕೆ ಒಳ್ಳೆಯದೆಂದು ವೈದ್ಯರೂ ಒಪ್ಪುತ್ತಾರೆ. ಅಕ್ಕಿ ಹಿಟ್ಟಿನ ಓಆರ್‌ಎಸ್ ಕೂಡ ಇದೆ. ಬಿಸಿಬಿಸಿ ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಮೂರು ದಿನ ನೆನೆದ ಬಟ್ಟೆಯಲ್ಲಿದ್ದವರಿಗೆ ಇದಕ್ಕಿಂತ ದೊಡ್ಡ ಊಟ ಯಾವ ಶೆಫ್ ಮಾಡಿಯಾನು?

ಗಂಜಿಯ ಜೊತೆಗೆ ಇನ್ನೊಂದನ್ನೂ ನೆನೆಯಬೇಕು. ಮಲೆನಾಡಿನ ಮನೆಗಳಲ್ಲಿ ಹಿಂದೆ ಬೇಸಿಗೆಯೆಲ್ಲ ಮಳೆಗಾಲದ ತಯಾರಿಯೇ. ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿದ ಸೊಳೆ, ಒಣಗಿಸಿದ ಮುರುಗಲು, ಬಾಳಕ, ಮೀನು ತಿನ್ನುವವರ ಮನೆಯಲ್ಲಿ ಒಣಮೀನು, ಕೊಟ್ಟಿಗೆ ತುಂಬ ಸೌದೆ. ಆರು ವಾರ ಹೊಳೆ ದಾಟದೆ ಬದುಕಬಹುದಿತ್ತು. ಅದೇ ಆಗಿನ ವಿಪತ್ತು ನಿರ್ವಹಣಾ ಯೋಜನೆ. ಈಗ ತಿಂಗಳ ರೇಷನ್ನು, ವಾರದ ಸಂತೆ, ಬುಕ್ ಮಾಡಿದ ಗ್ಯಾಸು. ಹಳೆಯದೇ ಚೆನ್ನಾಗಿತ್ತು ಎನ್ನಲು ನಾನು ಸಿದ್ಧನಿಲ್ಲ. ಆ ಅಟ್ಟ ತುಂಬಿಸಲು ಹೆಂಗಸರು ಎಷ್ಟು ಸವೆದಿದ್ದಾರೆಂದು ನೋಡಿದ್ದೇನೆ. ಮೇಲಾಗಿ ಗುಡ್ಡ ಕುಸಿದರೆ ಅಟ್ಟವೂ ಉಳಿಯುವುದಿಲ್ಲ. ಆದರೆ ಮನೆಯೊಳಗಿನ ದಾಸ್ತಾನು ಕರಗಿದ ಮೇಲೆ ಊರಿನಲ್ಲಿ ಎಲ್ಲಾದರೂ ಅದು ಇರಬೇಕಲ್ಲ.

ಇದ್ದೇ ಇದೆ, ಬಿಸಿಯೂಟದ ಕೋಣೆಗಳಲ್ಲಿ. ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಎಲ್ಲ ಕಡೆ ಬಂತು. ಇವತ್ತು ಮಲೆನಾಡಿನ ಮೂಲೆಯ ಶಾಲೆಗೂ ಒಲೆ, ಅಕ್ಕಿ, ಬೇಳೆ, ದಿನವೂ ಬೇಯಿಸುವ ಕೈ ತಲುಪಿದೆ. ನೆರೆ ಬಂದಾಗ ಜನರನ್ನು ಸೇರಿಸುವುದೂ ಅದೇ ಶಾಲೆಗೆ. ವಿದೇಶದ ಬಾಣಸಿಗರು ವಿಮಾನದಲ್ಲಿ ಹಾರಿಬಂದು ಕಟ್ಟಬೇಕಾದ ಜಾಲ ನಮ್ಮಲ್ಲಿ ವರ್ಷವಿಡೀ ಹೊಗೆಯಾಡುತ್ತಿರುತ್ತದೆ. ಮಳೆ ರಜೆ ಘೋಷಣೆಯಾದ ದಿನ, ಅಂದರೆ ಬೇಕಾದ ದಿನವೇ, ಅದಕ್ಕೆ ಬೀಗ ಬೀಳುತ್ತದೆ.

ಎರಡನೆಯ ಪಡೆ ಅಡುಗೆ ಭಟ್ಟರು, ಕ್ಯಾಟರಿಂಗಿನವರು, ಶಾಮಿಯಾನದವರು. ಐನೂರು ಜನರ ಮದುವೆಯನ್ನು ನಾಲ್ಕೇ ಜನ ಸೇರಿ ಮೂರು ಹೊತ್ತು ಸುಧಾರಿಸಿಬಿಡುವ ಕೈಗಳು ಇವು. ಕಟ್ಟಿಗೆ ಹಸಿಯಿದ್ದರೂ ಒಲೆ ಉರಿಸಬಲ್ಲರು, ನೀರು ಕಂಡರೆ ಇದು ಕುಡಿಯಲು, ಇದು ತೊಳೆಯಲು ಎಂದು ಬೇರ್ಪಡಿಸಬಲ್ಲರು. ತಮಾಷೆ ಏನೆಂದರೆ ಗುಡ್ಡ ಕುಸಿಯುವ ಕಾಲವೂ ಇವರು ಬಿಡುವಾಗಿರುವ ಕಾಲವೂ ಒಂದೇ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. 2024ರಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿ ಬದಿಯ ಚಹಾ ಅಂಗಡಿಯನ್ನೇ ನುಂಗಿದ್ದು ಜುಲೈ 16ರಂದು, ವಯನಾಡಿನದು ಜುಲೈ 30ರಂದು, ಎರಡೂ ಆಷಾಢದಲ್ಲೇ. ಆ ಹೊತ್ತಿಗೆ ನಮ್ಮ ಊರಿನ ಶಾಮಿಯಾನದ ಗೋದಾಮಿನಲ್ಲಿ ಕೊಪ್ಪರಿಗೆಗಳು ಬೋರಲು ಬಿದ್ದಿರುತ್ತವೆ, ಅಡುಗೆಯವರು ಅಡಿಕೆಗೆ ಔಷಧಿ ಹೊಡೆಯಲು ಹೋಗಿರುತ್ತಾರೆ.

ಕರೆದರೆ ಬರುತ್ತಾರೆ. ತೊಡಕು ಇರುವುದು ದುಡ್ಡಿನಲ್ಲಿ. ನನಗೆ ಪರಿಚಯದ ಹೋಟೆಲಿನವರೊಬ್ಬರು ಒಂದು ನೆರೆಯಲ್ಲಿ ಹೇಳಿಕಳಿಸಿದ್ದಕ್ಕೆ ಎಂಟು ದಿನ ಊಟ ಕೊಟ್ಟರು. ಬಿಲ್ಲಿನ ಹಣ ದೀಪಾವಳಿ ಕಳೆದರೂ ಬರಲಿಲ್ಲ. ಈಗ ಅವರು “ಒಂದ್ ದಿನ ಧರ್ಮಕ್ಕೆ ಕೊಡ್ತೀನಿ, ಎರಡನೇ ದಿನ ಕೇಳ್ಬೇಡಿ” ಎನ್ನುತ್ತಾರೆ. ತಪ್ಪು ಹೇಳಲಾರೆ. ಬಿಸಿಯೂಟದ ಅಕ್ಕಂದಿರದು ಇನ್ನೂ ಕಷ್ಟ. ಅವರಿಗೆ ಸಿಗುವುದು ಸಂಬಳವೂ ಅಲ್ಲ, ಗೌರವಧನ. ನೆರೆಯಲ್ಲಿ ಮೂರು ಹೊತ್ತು ಬೇಯಿಸಿದ್ದು ಸೇವೆ ಎಂಬ ಲೆಕ್ಕಕ್ಕೆ ಹೋಗುತ್ತದೆ, ಜೆಸಿಬಿಯವರಿಗೆ ಮಾತ್ರ ಗಂಟೆ ಲೆಕ್ಕ. ಕೋವಿಡ್ ಕಾಲದಲ್ಲಿ ವರ್ಲ್ಡ್ ಸೆಂಟ್ರಲ್ ಕಿಚನ್ ಮಾಡಿದ ಒಂದು ಕೆಲಸ ನನಗೆ ಹಿಡಿಸಿದ್ದು ಈ ಕಾರಣಕ್ಕೆ: ಗಿರಾಕಿ ಇಲ್ಲದೆ ಮುಚ್ಚುವ ಸ್ಥಿತಿಗೆ ಬಂದಿದ್ದ ಸಣ್ಣ ಹೋಟೆಲುಗಳಿಗೆ ಊಟಕ್ಕೆ ಇಷ್ಟು ಎಂದು ಹಣ ಕೊಟ್ಟು ಬೇಯಿಸಿಸಿತು. ಹಸಿದವರಿಗೆ ಊಟವೂ ಆಯಿತು, ಅಡುಗೆಯವರ ಕೆಲಸವೂ ಉಳಿಯಿತು. ಮಲೆನಾಡಿನಲ್ಲಿ ನೆರೆ ಬಂದ ತಿಂಗಳು ಪ್ರವಾಸಿಗರು ಬರುವುದಿಲ್ಲ, ಹೋಂಸ್ಟೇ, ಹೋಟೆಲುಗಳಿಗೆ ನೊಣ ಹೊಡೆಯುವ ಕೆಲಸ. ಅಲ್ಲೇ ಬೇಯಿಸಿಸಬಹುದಲ್ಲ?

ಮಾಡಬೇಕಾದ್ದು ಬಹಳವೇನಿಲ್ಲ. ಮೇ ತಿಂಗಳೊಳಗೆ ಪ್ರತಿ ಪಂಚಾಯಿತಿಯಲ್ಲೂ ಒಂದು ಹಾಳೆ ಇರಲಿ: ಯಾವ ಶಾಲೆಯ ಒಲೆ, ಯಾವ ಅಕ್ಕ, ಅವರ ಮನೆ ಮುಳುಗಿದರೆ ಬದಲಿ ಯಾರು, ಕೊಪ್ಪರಿಗೆ ಯಾರ ಹತ್ತಿರ, ಊಟಕ್ಕೆ ಎಷ್ಟು ದರ, ಎಷ್ಟು ದಿನದೊಳಗೆ ಪಾವತಿ. ಮಳೆ ರಜೆಯ ಆದೇಶದಲ್ಲೇ ಒಂದು ಸಾಲು ಸೇರಲಿ, ಬಿಸಿಯೂಟದ ದಾಸ್ತಾನನ್ನು ಕಾಳಜಿ ಕೇಂದ್ರಕ್ಕೆ ಬಳಸಬಹುದು, ಆಮೇಲೆ ತುಂಬಿಕೊಡಲಾಗುವುದು ಎಂದು. ಆಗ ಮೇಷ್ಟ್ರು ನೌಕರಿ ಪಣಕ್ಕಿಟ್ಟು ಬೀಗ ತೆಗೆಸಬೇಕಿಲ್ಲ.

ಕಾಗದಕ್ಕೆ ಇಳಿಯದ ತೊಡಕುಗಳೂ ಇವೆ. ಯಾರು ಬೇಯಿಸಿದರು ಎಂದು ಪಿಸುಗುಟ್ಟಿ ಕೇಳಿ ಆಮೇಲೆ ತಟ್ಟೆ ಹಿಡಿದವರನ್ನು ನಾನು ಕಂಡಿದ್ದೇನೆ; ಮನೆ ಹೋದರೂ ಜಾತಿ ಹೋಗಿರುವುದಿಲ್ಲ. ಎರಡನೇ ದಿನ ಹಸಿವು ಜೋರಾದಾಗ ಆ ಪಿಸುಮಾತು ನಿಂತಿತು, ಮನೆಗೆ ಮರಳಿದ ಮೇಲೆ ಮತ್ತೆ ಶುರುವಾಗಿರಬಹುದು. ಹಾಗೆಯೇ ಕಾಫಿ ತೋಟದ ಲೈನ್ ಮನೆಗಳಲ್ಲಿ ಅಸ್ಸಾಮಿನವರಿದ್ದಾರೆ, ಅಡಿಕೆ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದವರಿದ್ದಾರೆ. ಸಹಾಯ ಮಾಡುವವರ ಪಟ್ಟಿಯಲ್ಲಿ ಇವರು ಕೊನೆಗೆ ಬರುತ್ತಾರೆ, ಇವರ ನಾಲಿಗೆ ನೆನಪಾಗುವುದೇ ಇಲ್ಲ. ಹೈಟಿಯ ಹೆಂಗಸರು ಬಾಣಸಿಗನಿಗೆ ಕಾಳು ಮಸೆಯಲು ಹೇಳಿದ ಹಾಗೆ ಇಲ್ಲಿಯೂ ಜೋಳದ ರೊಟ್ಟಿ ತಟ್ಟುವವರನ್ನು ಒಲೆಯ ಹತ್ತಿರ ಬಿಟ್ಟರೆ ಸಾಕು.

ಆ ಶಾಲೆಯ ಕಥೆ ಇಷ್ಟು ಬಾಕಿ ಇದೆ. ನಾಲ್ಕನೇ ದಿನಕ್ಕೆ ಊಟ ಸರಿಯಾಗಿ ಸಾಗುತ್ತಿತ್ತು: ಅನ್ನ, ಬೇಳೆ ಸಾರು, ಯಾರೋ ತಂದ ಕೆಸುವಿನ ಸೊಪ್ಪಿನ ಪಲ್ಯ. ಆ ಸಂಜೆ ಇಬ್ಬರು ಹೆಂಗಸರು ಬಂದು, ನಾವೇ ಒಂದು ಹೊತ್ತು ಮಾಡಿಕೊಳ್ಳುತ್ತೇವೆ, ಜಾಗ ಕೊಡಿ ಎಂದರು. ಊಟ ಚೆನ್ನಾಗಿಲ್ಲವಾ ಎಂದು ಅಡುಗೆ ಅಕ್ಕ ಕೇಳಿದರು. “ಚೆನ್ನಾಗೇ ಇದೆ ಅಕ್ಕಾ. ಸುಮ್ನೆ ಕೂತು ಕೈ ಸೋತು ಹೋಯ್ತು” ಎಂದಳು ಒಬ್ಬಳು. ಜಗಲಿಯ ಮೂಲೆಯಲ್ಲಿ ಮೂರು ಕಲ್ಲು ಇಟ್ಟು, ಮೇಷ್ಟ್ರ ಮನೆಯಿಂದ ಕಾವಲಿ ತರಿಸಿ ಅಕ್ಕಿ ರೊಟ್ಟಿ ತಟ್ಟಿದರು. ಮಕ್ಕಳು ಸುತ್ತ ಕೂತವು.

ಮನೆ ಮುಳುಗಿದ ಕುಟುಂಬಕ್ಕೆ ರಾಜ್ಯ ವಿಪತ್ತು ಪರಿಹಾರ ನಿಧಿಯ ಕೇಂದ್ರದ 2022ರ ನಿಯಮದಂತೆ ಬಟ್ಟೆಗೆ 2,500 ರೂಪಾಯಿ, ಪಾತ್ರೆ ಪಗಡೆಗೆ 2,500 ರೂಪಾಯಿ. 2019ರಲ್ಲಿ ಅದು 1,800 ಮತ್ತು 2,000 ಇತ್ತು, ರಾಜ್ಯ ಸರ್ಕಾರ ಆ ವರ್ಷ ಕೈಯಿಂದ ಸೇರಿಸಿ ಒಟ್ಟು 10 ಸಾವಿರ ಕೊಟ್ಟಿತು. ರೊಟ್ಟಿ ತಟ್ಟುತ್ತಿದ್ದವಳು ಅದರ ಲೆಕ್ಕವನ್ನು ಬೆರಳಲ್ಲಿ ಹಾಕುತ್ತಿದ್ದಳು: ಒಂದು ಕುಕ್ಕರು, ಎರಡು ಚೆಂಬು, ಒಂದು ಒಗ್ಗರಣೆ ಸೌಟು. ಕಾವಲಿಗೆ ಬಂದಾಗ ಬೆರಳು ನಿಂತಿತು. “ಅದು ನನ್ನ ಅತ್ತೆದು. ಪೇಟೇಲಿ ಸಿಕ್ಕಿದ್ರೂ ರೊಟ್ಟಿ ಏಳ್ಬೇಕಲ್ಲ” ಎಂದು ಹೇಳಿ, ಕಾವಲಿಯ ಮೇಲಿದ್ದುದನ್ನು ತಿರುವಿ ಹಾಕಿದಳು.